ಶಾಲೆಯ ಗೋಡೆ ಮೇಲೆ ತೋಳ ಬರೆಸಬಹುದಾ?

ಪ್ರಶ್ನೆ: ನಾನು ಕಡೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಅಕ್ಟೋಬರ್ ವನ್ಯಜೀವಿ ಸಪ್ತಾಹಕ್ಕೆ ಕಾಂಪೌಂಡ್ ಗೋಡೆ ಮೇಲೆ ಮಕ್ಕಳ ಕೈಲಿ ತೋಳದ ಚಿತ್ರ ಬರೆಸಬೇಕು ಅಂತ ಆಸೆ. ಈ ಸೀಮೆಯಲ್ಲಿ ತೋಳ ಇನ್ನೂ ಇದೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆದರೆ ನಮ್ಮ ಮಕ್ಕಳಲ್ಲಿ ಅರ್ಧ ಜನ ಕುರಿ ಸಾಕುವ ಮನೆಯವರು. ವಿಷಯ ಹೇಳಿದ ಮರುದಿನವೇ ಒಬ್ಬ ಹುಡುಗನ ತಂದೆ ಬಂದು, "ನಮ್ ಕುರಿ ತಿನ್ನೋ ತೋಳನ್ನ ಸ್ಕೂಲ್ ಗೋಡೆ ಮೇಲೆ ಬರೆಸ್ತೀರಾ ಮೇಡಂ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಚಿತ್ರದಿಂದ ತೋಳದ ಮೇಲೆ ಅಭಿಮಾನ ಬೆಳೆಸಲು ಆಗುತ್ತಾ? ತೋಳದಿಂದ ಏನು ಉಪಯೋಗ ಅಂತ ಹೇಗೆ ತೋರಿಸಲಿ? ಗೂಗಲ್‌ನಲ್ಲಿ ಸಿಗುವ ಚಿತ್ರ ನೋಡಿ ಬರೆಸಿದರೆ ಸಾಕಾ?

ಉತ್ತರ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ ಮೇಡಂ. ಗೂಗಲ್ ಚಿತ್ರ ಬೇಡವೇ ಬೇಡ. ‘ವುಲ್ಫ್’ ಅಂತ ಹುಡುಕಿದರೆ ಅಲ್ಲಿ ಬರುವುದೆಲ್ಲ ಕೆನಡಾ, ಅಲಾಸ್ಕಾ ಕಡೆಯ ತೋಳಗಳು. ಮೈತುಂಬಾ ದಪ್ಪ ಕೂದಲು, ಕಾಲಡಿ ಹಿಮ, ಹಿಂದೆ ದೊಡ್ಡ ಚಂದ್ರ, ಮೂತಿ ಎತ್ತಿ ಊಳಿಡುವ ಭಂಗಿ. ಅದನ್ನು ನೋಡಿ ಬರೆದ ಚಿತ್ರ ಎಷ್ಟೇ ಚೆನ್ನಾಗಿರಲಿ, ಬೀರೂರಿನ ಹುಡುಗನಿಗೆ ಅದು ಸಿನಿಮಾ ಪ್ರಾಣಿ ಅಷ್ಟೆ. ತಮ್ಮೂರ ಹೊಲದ ಬದುವಿನ ಮೇಲೆ ಬೆಳಗಿನ ಜಾವ ನಡೆದು ಹೋಗುವ ಪ್ರಾಣಿ ಅದೇ ಅಂತ ಅವನಿಗೆ ಅನ್ನಿಸುವುದೇ ಇಲ್ಲ. ಮುಂದೆ ಯಾವತ್ತಾದರೂ ನಿಜವಾದ ತೋಳ ಕಣ್ಣಿಗೆ ಬಿದ್ದರೂ "ಯಾವುದೋ ಬಡಕಲು ನಾಯಿ" ಅಂತ ಸುಮ್ಮನಾಗಿಬಿಡುತ್ತಾನೆ.

ಅವನ ತಪ್ಪಲ್ಲ, ನಮ್ಮ ತೋಳ ಬಡಕಲಾಗಿಯೇ ಕಾಣುತ್ತದೆ. ತೂಕ ಹೆಚ್ಚೆಂದರೆ 25 ಕೆ.ಜಿ. ಆಸುಪಾಸು. ಎಷ್ಟೋ ಸಾಕುನಾಯಿಗಳು ಅದಕ್ಕಿಂತ ಭಾರ ಇರುತ್ತವೆ. ಬಿಸಿಲು ಸೀಮೆಯ ಪ್ರಾಣಿ ಆದ್ದರಿಂದ ಕೂದಲು ಗಿಡ್ಡ, ಬೇಸಿಗೆಯಲ್ಲಂತೂ ಮೈ ಇನ್ನೂ ಸಣಕಲಾಗಿ ಕಾಣುತ್ತದೆ. ಕಾಲು ಉದ್ದ, ಎದೆ ಕಿರಿದು, ಮೂತಿ ನೀಳ, ಕಿವಿ ಚೂಪು. ಬಾಲದ ವಿಷಯ ಮಕ್ಕಳಿಗೆ ಒತ್ತಿ ಹೇಳಿ: ಊರ ನಾಯಿಯ ಬಾಲ ಮೇಲಕ್ಕೆ ಸುರುಳಿ ಸುತ್ತಿರುತ್ತದೆ, ತೋಳದ ಬಾಲ ಕೆಳಗೆ ಇಳಿಬಿದ್ದಿರುತ್ತದೆ, ತುದಿ ಕಪ್ಪಗಿರುತ್ತದೆ. ಇನ್ನೊಂದು ತಲೆಯ ವಿಷಯ. ತೋಳ ನಡೆಯುವಾಗ ತಲೆ ಸುಮಾರು ಬೆನ್ನಿನ ಮಟ್ಟಕ್ಕೇ ಇರುತ್ತದೆ. ಮಕ್ಕಳು ಬರೆಯುವಾಗ ಕತ್ತು ಮೇಲೆತ್ತಿಸಿಬಿಡುತ್ತಾರೆ, ತಕ್ಷಣ ಅದು ನಾಯಿಯಾಗಿಬಿಡುತ್ತದೆ. ಪುಸ್ತಕದಲ್ಲಿ ಬೂದು ತೋಳ ಅಂತ ಇದ್ದರೂ ನಮ್ಮ ಕಡೆಯದಕ್ಕೆ ಒಣಹುಲ್ಲಿನ ಬಣ್ಣ. ಯೆಲ್ಲೋ ಓಕರ್‌ಗೆ ಬಿಳಿ ಜಾಸ್ತಿ ಹಾಕಿ, ಬರ್ಂಟ್ ಅಂಬರ್ ಸ್ವಲ್ಪವೇ ಸ್ವಲ್ಪ ಸೇರಿಸಿ. ಅದು ಆರಿದ ಮೇಲೆ ಬೆನ್ನಿನ ಉದ್ದಕ್ಕೂ ಒಣ ಬ್ರಷ್‌ನಲ್ಲಿ ಕಪ್ಪು ಎಳೆಗಳನ್ನು ಎಳೆಸಿ. ಹೊಟ್ಟೆ ಮತ್ತು ಕಾಲಿನ ಒಳಭಾಗ ಮಾಸಲು ಬಿಳಿ. ಕಣ್ಣು ಹಳದಿ. ಕಣ್ಣಿಗೆ ಕೆಂಪು ಹಾಕುತ್ತೇವೆ, ಬಾಯಿಂದ ರಕ್ತ ಸುರಿಸುತ್ತೇವೆ ಅಂತ ಒಂದಿಬ್ಬರು ಹಟ ಮಾಡಿಯೇ ಮಾಡುತ್ತಾರೆ. ಬಿಡಬೇಡಿ.

ನಿಮ್ಮ ಊರು ಕಡೂರು ಕಡೆ ಆಗಿರುವುದು ಒಳ್ಳೆಯದಾಯಿತು. ಚಿಕ್ಕಮಗಳೂರು ಜಿಲ್ಲೆ ಅಂದ ಕೂಡಲೇ ಎಲ್ಲರ ತಲೆಗೂ ಬರುವುದು ಮುಳ್ಳಯ್ಯನಗಿರಿ, ಕಾಫಿ ತೋಟ, ಭದ್ರಾ ಹುಲಿ ಮೀಸಲು. ಆ ಕಾಡಿನಲ್ಲಿ ಹಿಂಡಾಗಿ ಬೇಟೆ ಆಡುವ ಕೆಂಚು ಬಣ್ಣದ ಪ್ರಾಣಿ ಸೀಳುನಾಯಿ, ತೋಳ ಅಲ್ಲ. ಇದೇ ಪ್ರಶ್ನೆ ಮೂಡಿಗೆರೆಯಿಂದ ಬಂದಿದ್ದರೆ ತೋಳ ಬಿಡಿ, ಸೀಳುನಾಯಿ ಬರೆಸಿ ಅನ್ನುತ್ತಿದ್ದೆ. ಹಾಸನ ಜಿಲ್ಲೆಯಲ್ಲೂ ಹಾಗೇ, ಸಕಲೇಶಪುರಕ್ಕೆ ಸೀಳುನಾಯಿ, ಅರಸೀಕೆರೆಗೆ ತೋಳ. ತೋಳ ಬಯಲುಸೀಮೆಯದು. ಕುರುಚಲು ಗಿಡ, ಕಲ್ಲುಗುಡ್ಡ, ಹುಲ್ಲು ಬಯಲು, ಒಣ ಬೇಸಾಯದ ಹೊಲ, ಅದರ ಸಂಸಾರ ಇಷ್ಟರಲ್ಲೇ.

ಈಗ ಆ ತಂದೆಯ ಮಾತಿಗೆ ಬರೋಣ. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಒಂದು ಒಳ್ಳೆ ಟಗರು ಹೋದರೆ ಸಾವಿರಾರು ರೂಪಾಯಿ ಹೋಯಿತು, ಅದೂ ವರ್ಷವಿಡೀ ಬಿಸಿಲು ಮಳೆ ಅನ್ನದೆ ಹಿಂದೆ ಅಲೆದು ಸಾಕಿದ್ದು. ಅಂಥವರ ಮುಂದೆ ‘ತೋಳ ರೈತನ ಮಿತ್ರ’ ಅಂತ ದೊಡ್ಡ ಅಕ್ಷರದಲ್ಲಿ ಬರೆಸಿದರೆ ಬಣ್ಣ ಒಣಗುವ ಮೊದಲೇ ಯಾರಾದರೂ ಸಗಣಿ ಎರಚುತ್ತಾರೆ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಎರಚುತ್ತಿದ್ದೆ. ಚಿತ್ರಕಲೆ ಹೆಸರಲ್ಲಿ ನಾವು ಮಾಡುವ ದೊಡ್ಡ ಎಡವಟ್ಟು ಇದೇ: ಪ್ರಾಣಿಯನ್ನು ಒಂಟಿಯಾಗಿ ನಿಲ್ಲಿಸುತ್ತೇವೆ, ಮುದ್ದು ಮಾಡುತ್ತೇವೆ, ಕೆಳಗೆ ‘ಉಳಿಸಿ’ ಅಂತ ಬರೆಯುತ್ತೇವೆ. ಯಾರಿಂದ ಉಳಿಸಬೇಕು? ನೋಡುವ ಕುರಿಗಾಹಿಗೆ ಅದು ‘ನಿನ್ನಿಂದ’ ಅಂದ ಹಾಗೇ ಕೇಳಿಸುತ್ತದೆ.

ಅದಕ್ಕೆ ನಾನು ಹೇಳುವುದು ಇಷ್ಟು. ತೋಳವನ್ನು ಒಂಟಿಯಾಗಿ ಬರೆಸಬೇಡಿ. ತೋಳ, ಕುರಿ, ಕುರಿ ಕಾಯುವವರು, ಕಾವಲು ಅಂದರೆ ಹುಲ್ಲುಗಾವಲು, ಈ ನಾಲ್ಕೂ ಒಂದೇ ಗೋಡೆ ಮೇಲೆ ಇರಲಿ. ಅದರಲ್ಲೂ ಕಾವಲಿಗೆ ಎಲ್ಲಕ್ಕಿಂತ ಜಾಸ್ತಿ ಜಾಗ ಕೊಡಿ.

ಯಾಕೆ ಅಂದರೆ, ತೋಳಕ್ಕೂ ಆ ತಂದೆಗೂ ಸಮಾನವಾದ ಕಷ್ಟ ಒಂದಿದೆ, ಅದು ಕಾವಲು ಕರಗುತ್ತಿರುವುದು. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿ ಅನ್ನುವ ಅರಮನೆ ಇಲಾಖೆಯ ದನಗಳಿಗೆ, ಆಮೇಲೆ ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಅಂತ ಹೆಸರಾದ ಅದೇ ತಳಿಗೆ ಅಂತ ಬಿಟ್ಟ ಹುಲ್ಲುಗಾವಲುಗಳು ನಿಮ್ಮ ಸುತ್ತಮುತ್ತಲೇ ಇವೆ. ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಇದೆ. ನಿಮ್ಮ ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ಅದು ಬರೀ 7 ಚದರ ಕಿಲೋಮೀಟರ್ ಚಿಲ್ಲರೆ. ಉಳಿದ ಎಷ್ಟೋ ಕಾವಲುಗಳು ಸಾಗುವಳಿಗೆ, ಸೈಟಿಗೆ, ನೀಲಗಿರಿ ತೋಪಿಗೆ ಹೋದವು. ಕಾಗದದಲ್ಲಿ ಅವಕ್ಕೆ ಬಂಜರು, ಬೀಳು, ಖರಾಬು ಅಂತ ಹೆಸರು. ಹೆಸರೇ ಹಾಗಿದ್ದ ಮೇಲೆ ಕೇಳುವವರು ಯಾರು? ಇದರಲ್ಲಿ ನಮ್ಮ ಶಾಲೆಗಳ ಪಾಲೂ ಇದೆ ಅನ್ನಿ. ಪರಿಸರ ದಿನ ಅಂದರೆ ಗಿಡ ನೆಡುವುದು ಅಂತ ಮಾತ್ರ ಮಕ್ಕಳಿಗೆ ಕಲಿಸಿದ್ದೇವೆ. ಹುಲ್ಲಿನ ಬಯಲಿನಲ್ಲಿ ಗುಂಡಿ ತೋಡಿ ಸಾಲು ನೀಲಗಿರಿ ನೆಟ್ಟರೆ ಕೃಷ್ಣಮೃಗಕ್ಕೆ ಓಡಲು ಬಯಲಿಲ್ಲ, ಕುರಿಗೆ ಮೇವಿಲ್ಲ, ನೆಲದಲ್ಲಿ ಗೂಡು ಮಾಡುವ ಹಕ್ಕಿಗೆ ಜಾಗವಿಲ್ಲ. ಕೃಷ್ಣಮೃಗ, ಮೊಲ ಕಡಿಮೆಯಾದಷ್ಟೂ ತೋಳ ಕುರಿ ಮಂದೆಗೇ ಬರುತ್ತದೆ, ಬೇರೆ ದಾರಿ ಏನಿದೆ ಅದಕ್ಕೆ? ಈ ಸರಪಳಿಯನ್ನು ಗೋಡೆ ಮೇಲೆ ತೋರಿಸಲು ಆದರೆ ಆ ತಂದೆ ನಿಮ್ಮ ಜೊತೆ ಮಾತಿಗೆ ನಿಲ್ಲುತ್ತಾರೆ.

ಅಭಿಮಾನದ ಮಾತು ಕೇಳಿದಿರಿ. ನಮ್ಮಲ್ಲಿ ಆನೆ, ಹುಲಿ, ಹಾವು, ನವಿಲು ಎಲ್ಲಕ್ಕೂ ಒಂದೊಂದು ಮರ್ಯಾದೆ ಇದೆ. ಮಾದೇಶ್ವರನಿಗೆ ಹುಲಿ, ಗಣಪನಿಗೆ ಇಲಿ, ಭೈರವನಿಗೆ ನಾಯಿ. ತೋಳಕ್ಕೆ ಅಂಥ ಅದೃಷ್ಟ ಬರಲಿಲ್ಲ. ಗಾದೆಯಲ್ಲೂ ಅದರ ಪಾಡು ಅಷ್ಟೇ, ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’. ಮಕ್ಕಳಿಗೆ ಗೊತ್ತಿರುವ ಒಂದೇ ಕಥೆ ‘ತೋಳ ಬಂತು ತೋಳ’. ಬ್ರಿಟಿಷರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೊಂದು ತಂದವರಿಗೆ ಇನಾಮು ಕೊಟ್ಟರು. 1875ರಿಂದ 1925ರವರೆಗೆ ದೇಶದಲ್ಲಿ ಸುಮಾರು 2 ಲಕ್ಷ ತೋಳಗಳನ್ನು ಕೊಂದರು ಅಂತ ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಲೆಕ್ಕ. ಈಗ ಉಳಿದಿರುವುದು ಸುಮಾರು 3 ಸಾವಿರ ಅಂತ ಅಂದಾಜು. 2022ರ ಗಣತಿಯಲ್ಲಿ ಹುಲಿಗಳೇ 3,682 ಇದ್ದವು. ಅಂದರೆ ನಾವು ಇಷ್ಟೊಂದು ಸುದ್ದಿ ಮಾಡುವ ಹುಲಿಗಿಂತ ಯಾರೂ ಸುದ್ದಿ ಮಾಡದ ತೋಳವೇ ಕಡಿಮೆ ಇರಬಹುದು. ಕಾನೂನಿನಲ್ಲಿ ಎರಡಕ್ಕೂ ಒಂದೇ ರಕ್ಷಣೆ, 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಷೆಡ್ಯೂಲು. ತೋಳಕ್ಕೆ ಅಂತಲೇ ಮೀಸಲಿಟ್ಟ ಜಾಗ ಬೆರಳೆಣಿಕೆಯಷ್ಟು. ಅದರಲ್ಲಿ ಒಂದು ನಮ್ಮ ಪಕ್ಕದಲ್ಲೇ ಇದೆ. ಮಂಡ್ಯ ಜಿಲ್ಲೆಯ ಮೇಲುಕೋಟೆ ಅಭಯಾರಣ್ಯವನ್ನು 1974ರಲ್ಲಿ ಮಾಡಿದ್ದು ಮುಖ್ಯವಾಗಿ ತೋಳಗಳಿಗಾಗಿ. ಚೆಲುವನಾರಾಯಣನ ದರ್ಶನಕ್ಕೆ ಹೋಗುವ ಎಷ್ಟು ಜನಕ್ಕೆ ಇದು ಗೊತ್ತು! ಈಚೆಗೆ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲೂ ಒಂದು ತೋಳ ಧಾಮ ಆಗಿದೆ.

ಸರಿ, ಉಪಯೋಗ ಏನು? ಮಕ್ಕಳು ಕೇಳುವುದೇ ಇದನ್ನ. ಬಯಲಿನಲ್ಲಿ ಹಿಂದೆ ಚೀತಾ ಇತ್ತು, 1952ರಲ್ಲಿ ಅದು ದೇಶದಲ್ಲೇ ಇಲ್ಲ ಅಂತ ಘೋಷಣೆಯಾಯಿತು. ಆಮೇಲೆ ಕೃಷ್ಣಮೃಗವನ್ನು ಬೆನ್ನಟ್ಟಿ ಹಿಡಿಯುವ ದೊಡ್ಡ ಬೇಟೆಗಾರ ಅಂತ ಉಳಿದದ್ದು ತೋಳ. ಗುಜರಾತಿನ ವೇಲಾವದರ್ ಹುಲ್ಲುಗಾವಲಿನಲ್ಲಿ ತೋಳದ ಮುಖ್ಯ ಆಹಾರವೇ ಕೃಷ್ಣಮೃಗ. ಮುದಿಯಾದದ್ದು, ಕುಂಟುವುದು, ಮರಿ, ಇವು ಮೊದಲು ಸಿಗುತ್ತವೆ. ತೋಳದ ಭಯ ಇದ್ದರೆ ಹಿಂಡು ಒಂದೇ ಕಡೆ ಬೇರೂರಿ ಮೇಯುವುದಿಲ್ಲ. ಕೃಷ್ಣಮೃಗ ನುಗ್ಗಿ ರಾಗಿ ಹಾಳಾಯಿತು ಅಂತ ಗೋಳಾಡುವ ರೈತರು ನಿಮ್ಮೂರಲ್ಲೂ ಇರುತ್ತಾರಲ್ಲ, ಅವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಮೊಲ, ಇಲಿ, ಹೆಗ್ಗಣಗಳನ್ನೂ ತೋಳ ತಿನ್ನುತ್ತದೆ. ತಿಂದು ಬಿಟ್ಟದ್ದು ನರಿಗೆ, ಹದ್ದಿಗೆ, ಕಾಗೆಗೆ. ಮಕ್ಕಳಿಗೆ ತುಂಬಾ ಇಷ್ಟವಾಗುವ ಸಂಗತಿ ಇನ್ನೊಂದಿದೆ: ತೋಳ ಎಲಚಿ ಹಣ್ಣನ್ನೂ ತಿನ್ನುತ್ತದೆ. ಹಿಕ್ಕೆಯಲ್ಲಿ ಬೀಜ ಬೇರೆ ಕಡೆ ಹೋಗಿ ಬೀಳುತ್ತದೆ. ಎಲಚಿ ಗಿಡದ ಕೆಳಗೆ ಹಣ್ಣು ಆಯುತ್ತಿರುವ ತೋಳವನ್ನು ಒಂದು ಮಗು ಬರೆದರೆ, ಕೆಂಪು ಕಣ್ಣಿನ ರಾಕ್ಷಸ ತಾನಾಗಿ ಹೋಗುತ್ತಾನೆ.

ನಾಯಿಗಳ ಮಾತನ್ನೂ ಬಿಡಬೇಡಿ. ತೋಳ ಹೋದ ಜಾಗ ಖಾಲಿ ಇರುವುದಿಲ್ಲ, ಊರ ಹೊರಗಿನ ಕಸ, ಕೋಳಿ ಅಂಗಡಿ ತ್ಯಾಜ್ಯ ತಿಂದು ಬೆಳೆದ ನಾಯಿ ಹಿಂಡು ಬಂದು ಸೇರಿಕೊಳ್ಳುತ್ತದೆ. ಅವೂ ಕುರಿ ಹಿಡಿಯುತ್ತವೆ, ಹೆಸರು ಮಾತ್ರ ತೋಳಕ್ಕೆ. ಅವುಗಳಿಂದ ತೋಳಕ್ಕೆ ರೇಬಿಸ್, ಡಿಸ್ಟೆಂಪರ್‌ನಂಥ ರೋಗಗಳು ಅಂಟುತ್ತವೆ. ಮಹಾರಾಷ್ಟ್ರದ ಪುಣೆ ಕಡೆ ನಾಯಿ-ತೋಳ ಬೆರಕೆಯಾಗಿ ಹುಟ್ಟಿದ ಪ್ರಾಣಿಗಳೂ ಸಿಕ್ಕಿವೆ.

ಇಲ್ಲಿ ಒಂದು ಎಚ್ಚರ ಹೇಳಬೇಕು. ತೋಳದ ಮಹತ್ವ ಅಂತ ಯೂಟ್ಯೂಬ್‌ನಲ್ಲಿ ಹುಡುಕಿದರೆ ಅಮೆರಿಕದ ಯೆಲ್ಲೋಸ್ಟೋನ್ ಕಥೆ ಬಂದೇ ಬರುತ್ತದೆ. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟರು, ಎಲ್ಕ್ ಜಿಂಕೆ ಕಡಿಮೆಯಾದವು, ಹೊಳೆ ದಂಡೆಯ ಮರ ಚಿಗುರಿದವು, ಕೊನೆಗೆ ಹೊಳೆಯ ದಾರಿಯೇ ಬದಲಾಯಿತು ಅಂತ. ತೋಳ ತಂದು ಬಿಟ್ಟಿದ್ದು, ಅವು ಬೆಳೆದದ್ದು ನಿಜ. ಆದರೆ ಹೊಳೆಯ ತನಕ ಎಳೆದ ಕಥೆಯ ಬಗ್ಗೆ ವಿಜ್ಞಾನಿಗಳಲ್ಲೇ ಜಗಳ ಇದೆ. ಅಲ್ಲಿ ಕರಡಿ, ಪೂಮಾ, ಬೀವರ್, ಮನುಷ್ಯರ ಬೇಟೆ, ಬರಗಾಲ ಎಲ್ಲವೂ ಸೇರಿಕೊಂಡಿವೆ. ಅದಕ್ಕಿಂತ ಮುಖ್ಯವಾಗಿ ಅದು ಜನ ವಾಸ ಇಲ್ಲದ ರಾಷ್ಟ್ರೀಯ ಉದ್ಯಾನ. ನಮ್ಮ ಬಯಲಿನಲ್ಲಿ ನೂರಾರು ವರ್ಷದಿಂದ ಕುರಿ, ದನ, ಕಂಬಳಿ ಹೊದ್ದ ಮನುಷ್ಯ, ತೋಳ ಒಟ್ಟಿಗೇ ಇದ್ದಾರೆ. ಎಲ್ಕ್ ಜಿಂಕೆಯನ್ನು ತಂದು ಕಡೂರಿನ ಗೋಡೆ ಮೇಲೆ ಬರೆಸಿ ಮಕ್ಕಳ ತಲೆ ಕೆಡಿಸುವುದು ಬೇಡ, ಅಲ್ವಾ?

ಹಾಗಾದರೆ ಗೋಡೆ ಮೇಲೆ ಹೇಗೆ ಬರೆಸುವುದು? ನನಗೆ ಹಳೇಬೀಡಿನ ದಾರಿ ತುಂಬಾ ಇಷ್ಟ. ನಿಮ್ಮ ಮಕ್ಕಳೆಲ್ಲ ಟೂರ್‌ನಲ್ಲಿ ನೋಡಿಯೇ ಇರುತ್ತಾರೆ. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ಬುಡದಿಂದ ಮೇಲಕ್ಕೆ ಒಂದರ ಮೇಲೊಂದು ಪಟ್ಟಿಕೆ: ಕೆಳಗೆ ಆನೆ ಸಾಲು, ಮೇಲೆ ಸಿಂಹ, ಬಳ್ಳಿ, ಕುದುರೆ, ಪುರಾಣದ ಕಥೆ, ಮಕರ, ಹಂಸ. ಗುಡಿ ಸುತ್ತಿದ ಹಾಗೆ ಕಥೆ ನಡೆಯುತ್ತಾ ಹೋಗುತ್ತದೆ. ಆ ಸಾಲುಗಳಲ್ಲಿ ತೋಳಕ್ಕೆ ಜಾಗ ಸಿಕ್ಕಿಲ್ಲ, ನಿಮ್ಮ ಗೋಡೆಯಲ್ಲಿ ಸಿಗಲಿ. ಕಾಂಪೌಂಡ್ ಗೋಡೆಗೂ ಉದ್ದ ಜಾಸ್ತಿ, ಎತ್ತರ ಕಡಿಮೆ, ಅದಕ್ಕೆ ಪಟ್ಟಿಕೆ ಬಿಟ್ಟರೆ ಬೇರೆ ಯಾವ ವಿನ್ಯಾಸವೂ ಸರಿಯಾಗಿ ಕೂರುವುದಿಲ್ಲ.

ಬುಡದ ಪಟ್ಟಿಕೆ ಪೂರ್ತಿ ಬೇರು ಮತ್ತು ಮಣ್ಣು. ಹುಲ್ಲಿನ ಬೇರು, ಇಲಿ ಬಿಲ, ಹುತ್ತ, ಓತಿಕ್ಯಾತ. ನೆಲದ ಕೆಳಗೆ ಇಷ್ಟೆಲ್ಲ ಇದೆ ಅಂತ ಕಂಡ ಮೇಲೆ ಅದನ್ನು ಬಂಜರು ಅನ್ನಲು ಮಕ್ಕಳಿಗೆ ಬಾಯಿ ಬರುವುದಿಲ್ಲ. ಇದಕ್ಕೆ ಅಂಗಡಿ ಬಣ್ಣವೇ ಬೇಡ, ಊರ ಕೆಮ್ಮಣ್ಣು, ಸುಣ್ಣ, ಇದ್ದಿಲು ಸಾಕು. ಎರಡನೆಯದು ಹುಲ್ಲು: ಕರಡ, ಹಂಚಿ ಹುಲ್ಲು, ಮಧ್ಯೆ ತಂಗಡಿ ಹೂವು, ಎಲಚಿ, ಕಾರೆ, ಅದರ ಸಂದಿಯಲ್ಲಿ ಗೌಜಲಹಕ್ಕಿ, ಟಿಟ್ಟಿಭದ ಮೊಟ್ಟೆ, ಮೊಲ. ಇದು ಎಲ್ಲಕ್ಕಿಂತ ಅಗಲ ಇರಲಿ. ಮೂರನೆಯದು ಕೃಷ್ಣಮೃಗದ ಸಾಲು. ಹಾರಿ ಓಡುವ ಆ ಭಂಗಿ ಹಳೇಬೀಡಿನ ಕುದುರೆ ಸಾಲಿನ ಹಾಗೆ ಬರಬೇಕು, ಒಂದರ ಕಾಲು ಇನ್ನೊಂದರ ಬೆನ್ನಿಗೆ ತಾಗುವಂತೆ. ನಾಲ್ಕನೆಯದು ಕುರಿ ಮಂದೆ, ನಾಯಿ, ಕುರಿ ಕಾಯುವವರು, ಅಮೃತ ಮಹಲ್ ದನ. ಕುರಿ ಅಂದರೆ ಹತ್ತಿ ಉಂಡೆಗೆ ನಾಲ್ಕು ಕಡ್ಡಿ ಚುಚ್ಚಿದ್ದಲ್ಲ, ಅದು ಇಂಗ್ಲಿಷ್ ರೈಮ್ಸ್ ಪುಸ್ತಕದ ಕುರಿ. ಹಾಸನ ತಳಿಯ ಕುರಿ ಬರೆಸಿ, ಬಿಳಿ ಮೈ ಮೇಲೆ ಕಂದು, ಕಪ್ಪು ಮಚ್ಚೆ ಇರುವುದು.

ತೋಳಕ್ಕೆ ಬೇರೆ ಪಟ್ಟಿಕೆ ಇಲ್ಲ. ಪಠ್ಯಪುಸ್ತಕದ ಪಿರಮಿಡ್ಡಿನಲ್ಲಿ ಅದನ್ನು ತುದಿಗೆ ಕೂರಿಸುತ್ತಾರೆ, ರಾಜನ ಥರ. ನಾನು ಹೇಳುವುದು, ಹೊಯ್ಸಳರ ಬಳ್ಳಿ ಪಟ್ಟಿಕೆ ಸುತ್ತಿಕೊಂಡು ಹೋಗುತ್ತದಲ್ಲ, ಆ ಲಯದಲ್ಲಿ ತೋಳ ಎಲ್ಲ ಪಟ್ಟಿಕೆಗಳ ಮಧ್ಯೆ ಹಾದು ಹೋಗಲಿ. ಒಂದು ಕಡೆ ಹುಲ್ಲಿನಲ್ಲಿ ಬರೀ ಕಿವಿ, ಇನ್ನೊಂದು ಕಡೆ ಕೃಷ್ಣಮೃಗದ ಹಿಂದೆ, ಮತ್ತೊಂದು ಕಡೆ ಮಂದೆಯ ಅಂಚಿನಲ್ಲಿ, ಬುಡದಲ್ಲಿ ಬಿಲದ ಬಾಯಿಗೆ ಮರಿಗಳ ಜೊತೆ. ಹುಡುಕಿದರೆ ಮಾತ್ರ ಸಿಗಬೇಕು. ಎಷ್ಟು ತೋಳ ಇವೆ ಅಂತ ಸಣ್ಣ ಮಕ್ಕಳು ದಿನಾ ಎಣಿಸುತ್ತಾ ನಿಲ್ಲುತ್ತಾರೆ, ಎಣಿಸಬೇಕಾದರೆ ಉಳಿದದ್ದನ್ನೆಲ್ಲ ನೋಡಲೇಬೇಕು. ಮತ್ತೆ, ಒಂದು ಕಡೆ ತೋಳ ಕುರಿಮರಿ ಕಚ್ಚಿಕೊಂಡು ಹೋಗುವುದನ್ನೂ ಬರೆಸಿ. ಅದನ್ನು ಮುಚ್ಚಿಟ್ಟರೆ ಗೋಡೆಯ ಉಳಿದ ಮಾತನ್ನು ಊರಿನವರು ನಂಬುವುದಿಲ್ಲ.

ಬಣ್ಣ ಮುಟ್ಟುವ ಮೊದಲು ಪೆನ್ಸಿಲ್ ಕರಡು ತೆಗೆದುಕೊಂಡು ಒಂದು ಸಂಜೆ ಕುರಿ ಹಟ್ಟಿಗೆ ಹೋಗಿ. ಇದನ್ನು ತಪ್ಪಿಸಬೇಡಿ. ಅರಸೀಕೆರೆ ಕಡೆ ಒಂದು ಹಟ್ಟಿಯಲ್ಲಿ ನಾನು ಇದ್ದಿಲಲ್ಲಿ ಬರೆದ ತೋಳವನ್ನು ಒಬ್ಬ ಅಜ್ಜನ ಕೈಗೆ ಕೊಟ್ಟಿದ್ದೆ. ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ ಅಜ್ಜ ಮೊದಲು ಹೇಳಿದ್ದು, "ಒಂದೇ ಬರ್ದಿದೀಯಲ್ಲಪ್ಪ, ಇನ್ನೊಂದೆಲ್ಲಿ?" ಅಂತ. ಆಮೇಲೆ ಕೋಲಿನಲ್ಲಿ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. "ಒಂದು ಎದುರಿಗೆ ನಿಂತ್ಕಂಡು ನಾಯಿನ ಆಟ ಆಡಿಸ್ತದೆ. ನಾಯಿ, ನಾವು ಎಲ್ಲ ಅದ್ರ ಹಿಂದೆ ಓಡ್ತೀವಿ. ಇನ್ನೊಂದು ಹಿಂದ್ಲಿಂದ ಬಂದು ಮರಿ ಎತ್ಕಂಡೋಗ್ತದೆ." ಹೇಳುವಾಗ ಸಿಟ್ಟು ಇತ್ತು, ಅದರ ಜೊತೆಗೆ, ನನ್ನ ಕಿವಿಗೆ ಕೇಳಿಸಿದ ಮಟ್ಟಿಗೆ, ಒಳ್ಳೆ ಪೈಲ್ವಾನನ ಪಟ್ಟು ವರ್ಣಿಸುವವರ ಖುಷಿಯೂ ಇತ್ತು. ನೀವು ಕೇಳಿದ ಅಭಿಮಾನ ಹೊರಗಿನಿಂದ ತಂದು ಹಚ್ಚುವಂಥದ್ದಲ್ಲ, ತೋಳದ ಜೊತೆ ಬದುಕಿದವರಲ್ಲಿ ಬೈಗುಳದ ಅಡಿಯಲ್ಲಿ ಅದು ಆಗಲೇ ಇರುತ್ತದೆ. ಹಟ್ಟಿಯ ಹಿರಿಯರು ತಿದ್ದಿದ್ದನ್ನೆಲ್ಲ ತಿದ್ದಿ. ತಿದ್ದಿದವರ ಹೆಸರನ್ನು, ಅವರು ಒಪ್ಪಿದರೆ, ಗೋಡೆಯ ಮೂಲೆಯಲ್ಲಿ ಬರೆಯಿರಿ.

ಆ ಅಜ್ಜನ ಕಥೆ ನೆರಳು ಗೊಂಬೆ ಆಟಕ್ಕೆ ಹೇಳಿ ಮಾಡಿಸಿದ್ದು. ಗೋಡೆ ಬರೆಯಲು ಕೈ ಬಾರದ ಮಕ್ಕಳಿಗೆ ಇದನ್ನು ಕೊಡಿ. ತೊಗಲು ಎಲ್ಲಿಂದ ತರುವುದು, ರಟ್ಟು ಸಾಕು. ಹಳೆ ಬಿಳಿ ಪಂಚೆ, ಹಿಂದೆ ಒಂದು ಎಲ್ಇಡಿ ಬಲ್ಬು, ಎರಡು ತೋಳ, ಒಂದು ನಾಯಿ, ಆರೇಳು ಕುರಿ. ಗೊಂಬೆಯನ್ನು ಬೆಳಕಿನ ಹತ್ತಿರ ಒಯ್ದರೆ ನೆರಳು ದೊಡ್ಡದಾಗುತ್ತದೆ, ಪಂಚೆಗೆ ಒತ್ತಿದರೆ ನಿಜವಾದ ಅಳತೆಗೆ ಬರುತ್ತದೆ. ಮೊದಲು ಭಯಂಕರ ದೊಡ್ಡ ನೆರಳು ತೋರಿಸಿ, ಎಲ್ಲರೂ ಕಿರುಚಲಿ. ಆಮೇಲೆ ಅದನ್ನೇ ಪಂಚೆಗೆ ಒತ್ತಿ, ನಾಯಿಯಷ್ಟೇ ದೊಡ್ಡ ಪ್ರಾಣಿ. ಮಾತೇ ಬೇಕಾಗಿಲ್ಲ. ಆಟವನ್ನು ಶಾಲೆಯಲ್ಲಿ ಅಲ್ಲ, ಹಟ್ಟಿಯಲ್ಲಿ ರಾತ್ರಿ ಆಡಿಸಿ, ತಾಯಂದಿರೂ ನೋಡುತ್ತಾರೆ.

ಯಾರಾದರೂ ಎದ್ದು ನಿಂತು "ಉತ್ತರ ಪ್ರದೇಶದಲ್ಲಿ ತೋಳ ಮಕ್ಕಳನ್ನೇ ಎಳ್ಕಂಡೋಯ್ತಲ್ಲ" ಅಂದರೆ ಹಾರಿಸಿಬಿಡಬೇಡಿ. 2024ರಲ್ಲಿ ಬಹರಾಯಿಚ್ ಜಿಲ್ಲೆಯಲ್ಲಿ ಹಾಗಾಯಿತು, ಸತ್ತವರಲ್ಲಿ ಹೆಚ್ಚಿನವರು ಮಕ್ಕಳೇ. ಅಂಥದ್ದು ಅಪರೂಪ, ಆದರೆ ಸುಳ್ಳಲ್ಲ. ಬಾಗಿಲಿಲ್ಲದ ಮನೆ, ಹೊರಗೆ ಮಲಗುವ ಮಕ್ಕಳು, ಕತ್ತಲಲ್ಲಿ ಒಬ್ಬರೇ ಬಯಲಿಗೆ ಹೋಗುವುದು, ಇಂಥ ಕಡೆ ಅಪಾಯ ಜಾಸ್ತಿ. ನಮ್ಮ ಮಕ್ಕಳಿಗೂ ಹೇಳಬೇಕಾದ್ದು ಇದನ್ನೇ: ತೋಳ ಕಂಡರೆ ಓಡಬೇಡ, ಕಲ್ಲು ಹೊಡೆಯಬೇಡ, ಹತ್ತಿರ ಹೋಗಿ ಮೊಬೈಲ್‌ನಲ್ಲಿ ಚಿತ್ರ ತೆಗೆಯಲಂತೂ ಹೋಗಲೇಬೇಡ.

ಗೋಡೆಯ ಕೊನೆಯ ತುಂಡು ಕುರಿ ಸಾಕುವವರ ಕೆಲಸಕ್ಕೆ ಬರುವಂತಿರಲಿ. ರಾತ್ರಿ ಮಂದೆಗೆ ಗಟ್ಟಿ ಬಲೆ ಬೇಲಿ, ನಾಯಿಯ ಕೊರಳಿಗೆ ಮುಳ್ಳಿನ ಪಟ್ಟಿ, ಮರಿಗಳನ್ನು ಮಧ್ಯೆ ಕೂಡುವುದು. ಕುರಿ ಸತ್ತರೆ ಕಳೇಬರವನ್ನು ಅಲ್ಲೇ ಬಿಟ್ಟು, ಫೋಟೋ ತೆಗೆದು, ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರಕ್ಕೆ ಅರ್ಜಿ ಹಾಕುವುದು. ಸಹಾಯವಾಣಿ ಸಂಖ್ಯೆ 1926 ದೊಡ್ಡದಾಗಿ ಬರೆಸಿ. ಸಿಟ್ಟಿನಲ್ಲಿ ಸತ್ತ ಕುರಿಗೆ ವಿಷ ಹಾಕಿದರೆ ಮೊದಲು ಸಾಯುವುದು ತಮ್ಮದೇ ನಾಯಿ ಅನ್ನುವುದೂ ಇರಲಿ. ಈ ತುಂಡಿಗೆ ಆ ತಂದೆಯನ್ನೇ ಕರೆಯಿರಿ. ಬಲೆ ಎಲ್ಲಿ ಬಿಗಿಯಬೇಕು, ಗೂಟ ಎಲ್ಲಿ ಹೊಡೆಯಬೇಕು ಅಂತ ಅವರಿಗಿಂತ ಚೆನ್ನಾಗಿ ನೀವೂ ಹೇಳಲಾರಿರಿ, ನಾನೂ ಹೇಳಲಾರೆ.

ಕೆಲಸ ಆಯಿತಾ ಇಲ್ಲವಾ ಅಂತ ತಿಳಿಯಲು ಒಂದು ಸುಲಭ ಉಪಾಯ ಇದೆ. ಏನೂ ಹೇಳಿಕೊಡುವ ಮೊದಲೇ ಪ್ರತಿ ಮಗುವಿಗೂ ಒಂದು ಹಾಳೆ ಕೊಟ್ಟು "ತೋಳ ಬರಿ" ಅನ್ನಿ. ಹಾಳೆ ಎತ್ತಿಡಿ. ಎಲ್ಲ ಮುಗಿದ ಮೇಲೆ ಮತ್ತೆ ಅದನ್ನೇ ಬರೆಸಿ, ಎರಡನ್ನೂ ಪಕ್ಕಪಕ್ಕ ಇಡಿ. ಹಲ್ಲು, ರಕ್ತ, ಚಂದ್ರ ಎಷ್ಟು ಹಾಳೆಯಿಂದ ಹೋದವು, ಹುಲ್ಲು ಎಷ್ಟು ಹಾಳೆಗೆ ಬಂತು ನೋಡಿ. ನಾನಾದರೆ ಹುಲ್ಲನ್ನೇ ಎಣಿಸುತ್ತೇನೆ.

ಮಕ್ಕಳನ್ನು ಕಾವಲಿಗೆ ಕರೆದೊಯ್ಯುವುದಾದರೆ ಇಲಾಖೆಯವರ ಅನುಮತಿ ತೆಗೆದುಕೊಂಡು ಹೆಜ್ಜೆ ಗುರುತು ನೋಡಲು ಹೋಗಿ, ತೋಳ ನೋಡಲು ಅಲ್ಲ. ಮಳೆ ನಿಂತ ಮರುದಿನದ ಗಾಡಿ ದಾರಿ ಒಳ್ಳೆಯದು. ನಾಯಿ ಹೆಜ್ಜೆ ಗುಂಡಗೆ, ಅಡ್ಡಾದಿಡ್ಡಿ ಸಾಗುತ್ತದೆ. ತೋಳದ್ದು ಉದ್ದಕ್ಕೆ, ನಡುವಿನ ಎರಡು ಬೆರಳು ಮುಂದಕ್ಕೆ ಚಾಚಿ, ದಾರಿ ನೇರ. ಗುರುತಿನ ಸುತ್ತ ರಟ್ಟಿನ ಬಳೆ ಇಟ್ಟು ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದರೆ ಅರ್ಧ ಗಂಟೆಗೆ ಅಚ್ಚು ಸಿದ್ಧ. ಚಳಿಗಾಲ ಮರಿ ಹಾಕುವ ಕಾಲ, ಆಗ ಕಲ್ಲುಗುಡ್ಡ, ಬಿಲಗಳ ಕಡೆ ಹೋಗುವುದು ಬೇಡ. ಬಿಲ ಎಲ್ಲಿದೆ ಅಂತ ಯಾವ ಮಗುವಿಗಾದರೂ ಗೊತ್ತಿದ್ದರೆ ಆ ಜಾಗ ಗೋಡೆಗೂ ಬರಬಾರದು, ವಾಟ್ಸಾಪ್‌ಗೂ ಹೋಗಬಾರದು.

ಇನ್ನು ಸಮಯದ ಮಾತು. ಸೆಪ್ಟೆಂಬರ್, ಅಕ್ಟೋಬರ್ ಎರಡೂ ನಿಮ್ಮ ಕಡೆ ಮಳೆ ತಿಂಗಳು. ಹಸಿ ಗೋಡೆ ಮೇಲೆ ಬಣ್ಣ ಹಾಕಿದರೆ ಯುಗಾದಿ ಹೊತ್ತಿಗೆ ಹಕ್ಕಳೆ ಏಳುತ್ತದೆ. ಸಪ್ತಾಹ ಮುಗಿಯುವುದು ಅಕ್ಟೋಬರ್ 8ಕ್ಕೆ, ಅಷ್ಟರೊಳಗೆ ಗೋಡೆ ಒಣಗಿರುವ ದಿನ ನೋಡಿಕೊಂಡು ಹುಲ್ಲು, ಕುರಿ, ಕೃಷ್ಣಮೃಗದ ಪಟ್ಟಿಕೆ ಮುಗಿಸಿ ಉದ್ಘಾಟನೆ ಮಾಡಿಸಿಬಿಡಿ, ಹೆಡ್‌ಮಾಸ್ಟರಿಗೂ ಸಮಾಧಾನ. ತೋಳಗಳನ್ನು ನವೆಂಬರ್‌ಗೆ ಉಳಿಸಿಕೊಳ್ಳಿ. ಅಷ್ಟರಲ್ಲಿ ಬಯಲಿನ ಹುಲ್ಲು ಒಣಗಿ ಬಣ್ಣ ತಿರುಗಿರುತ್ತದೆ, ಮಕ್ಕಳು ಒಂದು ಹಿಡಿ ಕಿತ್ತು ತಂದು ಪಕ್ಕದಲ್ಲಿಟ್ಟುಕೊಂಡೇ ಬಣ್ಣ ಕಲಸಬಹುದು.